ದೊಡ್ಡಮ್ಮನ ತುಟಿಯ ಮೇಲಿನ ಮಾತು

ಲಾಳಿಯ ನೆನಪುಗಳೆಲ್ಲ ಶುರುವಾಗುವ ಆ ಮನೆಯಲ್ಲಿ ಜಗಳ ಸದ್ದಿಲ್ಲದೆ ನಡೆಯುತ್ತಿತ್ತು, ಪ್ರೀತಿ ಮಾತ್ರ ಬೀದಿಗೆಲ್ಲ ಕೇಳುವಂತೆ ಕಿರುಚಿಕೊಂಡು ನಡೆಯುತ್ತಿತ್ತು.

"ಊಟ ಆಯ್ತೇನೇ ನನ್ನ ಬಂಗಾರಾ!" ಎಂದು ದೊಡ್ಡಮ್ಮ ಅಡುಗೆಮನೆಯಿಂದ ಒಂದು ಕೂಗು ಹಾಕಿದರೆ, ಎದುರುಮನೆಯ ಮುದುಕ ಕಿಟಕಿಯಿಂದ ತಲೆ ಹಾಕಿ "ಆಯ್ತಮ್ಮಾ, ಈಗ ತಾನೇ ಕೈ ತೊಳೆದೆ" ಎನ್ನುತ್ತಿದ್ದ. ಅದೇ ದೊಡ್ಡಪ್ಪನ ಮೇಲೆ ಸಿಟ್ಟು ಬಂತೆಂದರೆ ಅವಳ ಗಂಟಲು ಪೂರ್ತಿ ಬಂದ್. ತುಟಿ, ಹುಬ್ಬು, ಗಲ್ಲ, ಇವಿಷ್ಟೇ ಕೆಲಸ ಮಾಡುತ್ತಿದ್ದವು. ದೊಡ್ಡಪ್ಪನೂ ಹಾಗೇ ಸದ್ದಿಲ್ಲದೆ ತಿರುಗಿ ಬೈಯುತ್ತಿದ್ದ. ನಡುವೆ ಕೂತ ಲಾಳಿ ಅತ್ತ ಒಮ್ಮೆ ಇತ್ತ ಒಮ್ಮೆ ನೋಡುತ್ತ, ಚೆಂಡಾಟ ನೋಡುವವಳಂತೆ ಊಟ ಮುಗಿಸುತ್ತಿದ್ದಳು. ಹೊರಗಿನವರಿಗೆ ಅದು ಮೌನದ ಮನೆ, ಅವಳಿಗೆ ದಿನವೂ ಜಾತ್ರೆ.

ದೊಡ್ಡಮ್ಮ, ಅಂದರೆ ಲಾಳಿಯ ಅಮ್ಮನ ಅಕ್ಕ, ಬಟ್ಟೆ ಮಿಲ್ಲಿನ ಮಗ್ಗದ ಶೆಡ್ಡಿನವಳು. ಅಲ್ಲಿ ಸಾಲು ಸಾಲು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವಾಗ ಪಕ್ಕದವಳ ಕಿವಿಗೆ ಬಾಯಿಟ್ಟು ಅರಚಿದರೂ ಕೇಳಿಸದು. ಹಾಗೆಂದು ಹೆಂಗಸರು ಮಾತು ಬಿಟ್ಟುಬಿಡುತ್ತಾರೆಯೇ? ದನಿ ಬಿಟ್ಟರು, ಮಾತು ಬಿಡಲಿಲ್ಲ. ಒಂದೊಂದು ಪದವನ್ನೂ ತುಟಿಯ ಮೇಲೆ ಅಗಲಿಸಿ, ಉರುಟಾಗಿಸಿ, ಎಳೆದು, ಶೆಡ್ಡಿನ ಈ ತುದಿಯಿಂದ ಆ ತುದಿಗೆ ರವಾನಿಸುತ್ತಿದ್ದರು. ಯಾರ ಸೊಸೆಗೆ ನೋವು ಶುರುವಾಯಿತು, ಯಾರ ಗಂಡ ಮತ್ತೆ ಕುಡಿದು ಬಂದ, ಮೇಸ್ತ್ರಿಯ ತಲೆಗೂದಲು ಸ್ವಂತದ್ದೋ ಅಂಗಡಿಯದೋ, ಎಲ್ಲವೂ ಅದೇ ಮೇಸ್ತ್ರಿಯ ಮೂಗಿನ ಕೆಳಗೇ ಹಾದುಹೋಗುತ್ತಿತ್ತು. ಅವನು ಮಾತ್ರ ಕೈ ಹಿಂದೆ ಕಟ್ಟಿಕೊಂಡು, ಎಷ್ಟು ಶಿಸ್ತಿನ ಹೆಂಗಸರಪ್ಪಾ ಎಂದು ಬೀಗುತ್ತಿದ್ದ.

ಇದನ್ನು ಕೇಳಿ ನಗುವವರು ನಗಲಿ. ಆದರೆ ನಕ್ಕ ಮೇಲೆ ಇಷ್ಟನ್ನು ತಿಳಿದುಕೊಳ್ಳಲಿ: ಅದು ಹತ್ತಿಬಟ್ಟೆಯ ಮಿಲ್ಲು. ಹತ್ತಿ ಅಲ್ಲಿ ಗುಡ್ಡಗುಡ್ಡ ಬಿದ್ದಿತ್ತು. ಉಸಿರಿನಲ್ಲಿ ಹತ್ತಿ, ರೆಪ್ಪೆಯ ಮೇಲೆ ಹತ್ತಿ, ಟೀ ಲೋಟದಲ್ಲಿ ಹತ್ತಿ. ಕಿವಿಗಿಟ್ಟುಕೊಳ್ಳಲು ಒಂದು ಉಂಡೆ ಹತ್ತಿಯನ್ನು ಮಾತ್ರ ಯಾರೂ ಕೊಡಲಿಲ್ಲ. ತಾನಾಗಿ ಎತ್ತಿಕೊಂಡವಳೊಬ್ಬಳನ್ನು ಗೇಟಿನಲ್ಲಿ ತಡೆದು ಕಳ್ಳಿ ಎಂದರು. ದೊಡ್ಡಮ್ಮನ ಕಿವಿ ಮಂದವಾಗುತ್ತ ಬಂದಾಗ ಮಿಲ್ಲಿನ ಡಾಕ್ಟರು ತಲೆ ಕೂಡ ಎತ್ತದೆ "ವಯಸ್ಸಾಯ್ತಲ್ಲಮ್ಮಾ" ಎಂದ. ಆಗ ಅವಳ ತಲೆಯಲ್ಲಿ ಹುಡುಕಿದರೂ ಒಂದು ಬಿಳಿಕೂದಲು ಸಿಗುತ್ತಿರಲಿಲ್ಲ. ಇಡೀ ಊರು ಅವಳು ನೇಯ್ದ ಬಟ್ಟೆ ಉಟ್ಟು ಓಡಾಡಿತು. ಅವಳ ಕಿವಿ ಎಲ್ಲಿ ಹೋಯಿತು ಎಂದು ಕೇಳಲು ಒಬ್ಬನಿಗೂ ಪುರುಸೊತ್ತಾಗಲಿಲ್ಲ.

ದೊಡ್ಡಪ್ಪನಿಗೆ ಮನೆಯ ಮುಂದೆಯೇ ಸೈಕಲ್ ರಿಪೇರಿ ಅಂಗಡಿ. ಅಂಗಡಿಯೆಂದರೆ ಒಂದು ತಗಡಿನ ಮಾಡು, ಒಂದು ಬಕೆಟ್ ನೀರು, ನೇತುಹಾಕಿದ ಟೈರುಗಳು, ಮತ್ತೆ ನಿಲ್ಲದ ಮಾತು. ಪಂಕ್ಚರ್ ಹಾಕಿಸಲು ಬಂದವನು ಪಂಕ್ಚರ್ ಮುಗಿದ ಮೇಲೂ ಕೂತಿರುತ್ತಿದ್ದ. ದೊಡ್ಡಪ್ಪ ದಪ್ಪ ಮೀಸೆ ಬಿಟ್ಟಿದ್ದ, ತುಟಿ ಮುಚ್ಚುವಷ್ಟು ದಪ್ಪ. "ಶೋಕಿಗಲ್ಲ ಮಾರಾಯ. ಬೀದಿಯ ಆ ತುದೀಲಿ ನಿಂತು ನಾನು ಯಾರ ಹತ್ರ ಏನು ಅಂದೆ ಅಂತ ಅವಳು ಈ ತುದೀಲಿ ಓದಿಬಿಡ್ತಾಳೆ. ಗಂಡಸಿಗೆ ಅಂತ ಒಂದು ಪರದೆ ಬೇಡ್ವಾ?" ಎನ್ನುತ್ತಿದ್ದ. ಆ ಪರದೆ ಅತಿಯಾದಾಗ ದೊಡ್ಡಮ್ಮ ನೂಲು ಕತ್ತರಿಸುವ ಪುಟ್ಟ ಕತ್ತರಿ ಹಿಡಿದು ಬರುತ್ತಿದ್ದಳು. ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಗಲ್ಲ ಹಿಡಿದೆತ್ತಿ, ತುಟಿ ಕಾಣುವಷ್ಟು ಮೀಸೆ ಕತ್ತರಿಸಿ "ಈಗ ಹೇಳಿ ನಿಮ್ಮ ಸುಳ್ಳು" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು. ಲಾಳಿ ಹೊಟ್ಟೆ ಹಿಡಿದು ನಗುತ್ತಿದ್ದಳು.

ಲಾಳಿ ಅನ್ನುವ ಹೆಸರಿಟ್ಟವನೂ ಅವನೇ. ಮಗ್ಗದಲ್ಲಿ ಅತ್ತಿಂದಿತ್ತ ಓಡುವ ಲಾಳಿಯಂತೆ ಅಂಗಡಿಗೂ ಅಡುಗೆಮನೆಗೂ ಓಡಾಡುವುದೇ ಅವಳ ಉದ್ಯೋಗವಾಗಿತ್ತು. ಅವಳಿಗೆ ಅಮ್ಮ ಇರಲಿಲ್ಲ. ಅವಳು ಇನ್ನೂ ಅಂಬೆಗಾಲಿಡುವಾಗ ಅಮ್ಮ ಜ್ವರದಲ್ಲಿ ಹೋದಳು. ಅಪ್ಪ ದೂರದ ಬಂದರಿನಲ್ಲಿ ಕ್ರೇನ್ ಓಡಿಸುವವನು. ಹಸುಗೂಸನ್ನು ಕ್ರೇನಿನ ಮೇಲೆ ಹತ್ತಿಸಿಕೊಳ್ಳಲಾಗದೆ ಹೆಂಡತಿಯ ಅಕ್ಕನ ಮಡಿಲಲ್ಲಿ ಹಾಕಿ ಹೋಗಿದ್ದ. ದೊಡ್ಡಮ್ಮನಿಗೆ ಮಕ್ಕಳಿರಲಿಲ್ಲ. ಆ ಮಾತನ್ನು ಬೀದಿಯವರು ಎಷ್ಟು ಸಲ ಎತ್ತಿ ಆಡಿದ್ದರೋ, ಲಾಳಿ ಬಂದ ಮೇಲೆ ಅವಳು ಅಷ್ಟೂ ಸಲ ತಲೆಯೆತ್ತಿ ನಡೆದಳು.

ಇಷ್ಟರ ಜೊತೆಗೆ ಆ ಮನೆಯಲ್ಲಿ ಒಂದು ಗುಟ್ಟಿತ್ತು. ಅದು ಲಾಳಿಗೂ ದೊಡ್ಡಪ್ಪನಿಗೂ ಗೊತ್ತು, ದೊಡ್ಡಮ್ಮನಿಗೆ ಮಾತ್ರ ಗೊತ್ತಿಲ್ಲ.

ವರ್ಷಗಟ್ಟಲೆ ದನಿಯಿಲ್ಲದೆ ಮಾತಾಡಿದವರಿಗೆ, ಮನಸ್ಸಿನಲ್ಲಿ ಅಂದುಕೊಳ್ಳುವುದಕ್ಕೂ ತುಟಿಯಲ್ಲಿ ಆಡುವುದಕ್ಕೂ ನಡುವಿನ ಗೋಡೆ ಬಿದ್ದುಹೋಗಿರುತ್ತದೆ. ದೊಡ್ಡಮ್ಮ ಏನು ಯೋಚಿಸಿದರೂ ಅದು ತುಟಿಯ ಮೇಲೆ ಬರುತ್ತಿತ್ತು. ತಾನು ಬಾಯಿ ಮುಚ್ಚಿಕೊಂಡಿದ್ದೇನೆ ಎಂದೇ ಅವಳ ನಂಬಿಕೆ. ಈರುಳ್ಳಿ ಹೆಚ್ಚುತ್ತ 'ಉಪ್ಪು ಹಾಕಿದ್ನಾ, ಹಾಕಿದೆ, ಇಲ್ಲ ಹಾಕಿಲ್ಲ' ಎನ್ನುತ್ತಿದ್ದಳು. ಬಟ್ಟೆ ಒಗೆಯುತ್ತ ಮೇಸ್ತ್ರಿಯ ಮೂರು ತಲೆಮಾರನ್ನು ಒಗೆಯುತ್ತಿದ್ದಳು.

ಅವಳ ಅಣ್ಣ, ಅಂದರೆ ಲಾಳಿಯ ಮಾವ, ದೊಡ್ಡ ಆಫೀಸಿನಲ್ಲಿ ಗುಮಾಸ್ತ. ಒಂದು ಸಲ ಬಂದವನು ಕಾಲಮೇಲೆ ಕಾಲು ಹಾಕಿ ಕೂತು "ಟೀಗೆ ಸಕ್ಕರೆ ಕಮ್ಮಿ" ಎಂದ. ದೊಡ್ಡಮ್ಮ ನಗುನಗುತ್ತಲೇ "ಹಾಕ್ತೀನಿ ಅಣ್ಣಾ" ಎಂದು ಗಟ್ಟಿಯಾಗಿ ಹೇಳಿ, ತಿರುಗುವಷ್ಟರಲ್ಲಿ ತುಟಿಯಲ್ಲಿ 'ಬರೋವಾಗ ಒಂದು ಬಿಸ್ಕತ್ತು ತಂದವನಲ್ಲ, ಇವನ ನಾಲಿಗೆಗೆ ಮಣ್ಣು ಹಾಕ' ಎಂದಳು. ಲಾಳಿಯ ಬಾಯಿಯ ಹಾಲು ಮೂಗಿನಿಂದ ಬಂತು. ಮಾವ "ಏನಾಯ್ತೇ ಹುಡುಗಿ?" ಎಂದ. ದೊಡ್ಡಪ್ಪ ಅವಳನ್ನು ಎತ್ತಿಕೊಂಡು ಹೊರಗೆ ಓಡಿದ.

"ದೊಡ್ಡಪ್ಪಾ, ದೊಡ್ಡಮ್ಮಂಗೆ ಹೇಳಿಬಿಡೋಣ್ವಾ?"

"ಹುಚ್ಚಿ! ಹೇಳಿದ್ರೆ ನಿಲ್ಲಿಸಿಬಿಡ್ತಾಳೆ. ಆಮೇಲೆ ಈ ಮನೇಲಿ ನಮಗೆ ರೇಡಿಯೋ ಎಲ್ಲಿದೆ?"

ಹೀಗೆ ರೇಡಿಯೋ ಕೇಳುತ್ತ ಲಾಳಿ ಶಾಲೆಗೆ ಹೋಗುವಷ್ಟು ದೊಡ್ಡವಳಾದಳು. ಮಲಗುವ ಮುಂಚೆ ದೊಡ್ಡಮ್ಮ ಅವಳ ತಲೆ ಬಾಚುವಾಗ ಎದುರಿಗೆ ಕನ್ನಡಿ ಇಟ್ಟುಕೊಳ್ಳುವಂತೆ ಹಟ ಮಾಡುತ್ತಿದ್ದಳು. ಶೋಕಿ ಹುಡುಗಿ ಎಂದು ದೊಡ್ಡಮ್ಮ ನಗುತ್ತಿದ್ದಳು. ಹುಡುಗಿ ಕನ್ನಡಿಯಲ್ಲಿ ನೋಡುತ್ತಿದ್ದದ್ದು ತನ್ನ ಮುಖವನ್ನಲ್ಲ. 'ಅಮ್ಮನ ಕೂದಲೇ ಬಂದಿದೆ, ನನ್ನ ಪುಟ್ಟ ಕೋತಿ, ನಿನ್ನ ಬಿಟ್ಟು ನಾನು ಹೇಗಿರ್ಲಿ' ಎಂದು ಹಿಂದೆ ನಡೆಯುತ್ತಿದ್ದ ತುಟಿಗಳನ್ನು. ಆ ಮಾತನ್ನು ದಿನಾ ಒಂದು ಸಲ ಕಂಡರೇನೇ ಅವಳಿಗೆ ನಿದ್ದೆ.

ಆಮೇಲೆ ಒಂದು ದಿನ ಲಾಳಿ ಮಹಡಿಯ ಮೆಟ್ಟಿಲಿನಿಂದ ಜಾರಿ ಬಿದ್ದಳು. ಕೈ ಮುರಿಯಿತು. ದೊಡ್ಡಮ್ಮ ಮೆಟ್ಟಿಲಿನ ಬುಡದಲ್ಲೇ, ಬೆನ್ನು ಹಾಕಿ ಕೂತು ಪಾತ್ರೆ ಉಜ್ಜುತ್ತಿದ್ದಳು. ಹುಡುಗಿ ಕೂಗಿದಳು, ಅತ್ತಳು, ಕಿರುಚಿದಳು. ದೊಡ್ಡಮ್ಮ ಉಜ್ಜುತ್ತಲೇ ಇದ್ದಳು. ಕೊನೆಗೆ ಅಂಗಡಿಯಿಂದ ದೊಡ್ಡಪ್ಪ ಓಡಿಬಂದ. ತಿರುಗಿ ನೋಡಿದ ದೊಡ್ಡಮ್ಮನ ಕೈಯಿಂದ ಪಾತ್ರೆ ಬಿತ್ತು. ಬಿದ್ದ ಸದ್ದೂ ಅವಳಿಗೆ ಕೇಳಿಸಲಿಲ್ಲ.

ಕೈ ಕೂಡಿಕೊಂಡಿತು. ಆದರೆ ಸುದ್ದಿ ಮಾವನಿಗೆ ಮುಟ್ಟಿತು, ಮಾವನಿಂದ ಬಂದರಿನ ಅಪ್ಪನಿಗೆ ಮುಟ್ಟಿತು. ಅಪ್ಪ ಅಷ್ಟರಲ್ಲಿ ಮತ್ತೆ ಮದುವೆಯಾಗಿದ್ದ. ಮನೆ ಮಾಡಿದ್ದ, ಮನೆಯ ಹತ್ತಿರ ಒಳ್ಳೆಯ ಶಾಲೆಯಿತ್ತು. ಬರುವ ಭಾನುವಾರ ಬಂದು ಮಗಳನ್ನು ಕರೆದುಕೊಂಡು ಹೋಗುತ್ತೇನೆ, ಅವಳು ಒಪ್ಪಿದರೆ, ಎಂದು ಹೇಳಿಕಳಿಸಿದ.

ಅವತ್ತಿನಿಂದ ರೇಡಿಯೋ ನಿಂತುಹೋಯಿತು. ದೊಡ್ಡಮ್ಮ ಲಾಳಿಯ ಕಡೆ ಮುಖ ಮಾಡುವುದನ್ನೇ ಬಿಟ್ಟಳು. ಒಲೆಯ ಕಡೆ ತಿರುಗಿ ಮಾತಾಡುತ್ತಿದ್ದಳು, ಗೋಡೆಯ ಕಡೆ ತಿರುಗಿ ಮಾತಾಡುತ್ತಿದ್ದಳು. ಕನ್ನಡಿ ಇಲ್ಲದೆ ತಲೆ ಬಾಚಿದಳು.

"ನಿಮ್ಮಪ್ಪ ಬರ್ತಾನೆ. ಬರ್ತೀಯಾ ಅಂದ್ರೆ ಹೂಂ ಅನ್ನು!" ಎಂದು ಒಲೆಗೆ ಹೇಳಿದಳು.

ಲಾಳಿ ಹೋಗಿ ಅವಳ ತೋಳು ಜಗ್ಗಿದಳು. "ನಾನು ನಿಂಗೆ ಬೇಡ್ವಾ ದೊಡ್ಡಮ್ಮಾ?"

ತೋಳು ಜಗ್ಗಿದ್ದಕ್ಕೆ ದೊಡ್ಡಮ್ಮ ತಿರುಗಿದಳು, ಹುಡುಗಿಯ ತುಟಿ ನೋಡಿದಳು, ಮತ್ತೆ ಒಲೆಗೇ ತಿರುಗಿದಳು. "ನಂಗೆ ಮಿಲ್ಲಿನ ಕೆಲ್ಸಾನೇ ಸಾಕಾಗಿದೆ. ಹೋಗಿ ಸುಖವಾಗಿರು!"

ಲಾಳಿ ಅಂಗಡಿಗೆ ಓಡಿದಳು. ದೊಡ್ಡಪ್ಪ ಚಕ್ರವೊಂದನ್ನು ಮುಖಕ್ಕೆ ಅಡ್ಡ ಹಿಡಿದು ಕಡ್ಡಿ ಬಿಗಿಯುತ್ತಿದ್ದ. ಬಿಗಿದ ಕಡ್ಡಿಯನ್ನೇ ಬಿಗಿಯುತ್ತಿದ್ದ. "ನಿಮ್ಮ ದೊಡ್ಡಮ್ಮ ಹೇಳಿದ್ ಮೇಲೆ ಆಯ್ತಲ್ಲಮ್ಮ" ಎಂದನಷ್ಟೆ. ಅಷ್ಟು ಕಡಿಮೆ ಮಾತಾಡಿದ್ದನ್ನು ಅವಳು ಎಂದೂ ಕಂಡಿರಲಿಲ್ಲ. ತಾನು ಬಿದ್ದದ್ದಕ್ಕೇ ಇವರಿಗೆ ತನ್ನ ಮೇಲೆ ಬೇಸರ ಬಂದಿದೆ, ಕೈ ಮುರಿದುಕೊಳ್ಳದಿದ್ದರೆ ಇಟ್ಟುಕೊಳ್ಳುತ್ತಿದ್ದರು ಎಂದು ಹುಡುಗಿ ತೀರ್ಮಾನಿಸಿದಳು. ದೊಡ್ಡವರು ತ್ಯಾಗ ಮಾಡಲು ಹೊರಟಾಗ ಮಕ್ಕಳಿಗೆ ಕಾರಣ ಹೇಳುವುದಿಲ್ಲ. ಕಾರಣ ಸಿಗದ ಮಕ್ಕಳು ತಪ್ಪನ್ನು ತಮ್ಮ ತಲೆಗೇ ಕಟ್ಟಿಕೊಳ್ಳುತ್ತಾರೆ. ಎಷ್ಟು ಮನೆಗಳಲ್ಲಿ ಇದು ನಡೆದಿಲ್ಲ!

ಭಾನುವಾರ ಬೆಳಿಗ್ಗೆ ಎಲ್ಲರೂ ಮುಂದಿನ ಕೋಣೆಯಲ್ಲಿ ಸೇರಿದರು. ಯಾರು ಎಲ್ಲಿ ಕೂರಬೇಕೆಂದು ಮಾವನೇ ವ್ಯವಸ್ಥೆ ಮಾಡಿದ. ಬಾಗಿಲ ಹತ್ತಿರ ಅಪ್ಪ, ಅವನ ಪಕ್ಕ ಹೊಸ ಚಿಕ್ಕಮ್ಮ, ಅವಳ ತೊಡೆಯ ಮೇಲೆ ಲಾಳಿಗೆಂದು ತಂದ ಹಳದಿ ಫ್ರಾಕು. ಎದುರುಗೋಡೆಗೆ ದೊಡ್ಡಮ್ಮ, ದೊಡ್ಡಪ್ಪ. ನಡುವೆ ಸ್ಟೂಲಿನ ಮೇಲೆ ಲಾಳಿ. ಅಪ್ಪ ಕೆಟ್ಟವನಾಗಿರಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಕೆಳಗೆ ಇಟ್ಟುಕೊಂಡಿದ್ದ. ಚಿಕ್ಕಮ್ಮನೂ ಕೆಟ್ಟವಳಾಗಿರಲಿಲ್ಲ. ಫ್ರಾಕಿನ ಗುಂಡಿಯನ್ನು ಹಾಕುತ್ತಿದ್ದಳು, ತೆಗೆಯುತ್ತಿದ್ದಳು. ಇಬ್ಬರ ಮುಖ ನೋಡಿದರೂ ಪಾಪ ಅನ್ನಿಸುವಂತಿತ್ತು.

ಮಾವ ಗಂಟಲು ಸರಿಮಾಡಿಕೊಂಡ. "ನೋಡಿ, ಮಗುವಿನ ಬಾಯಿಂದಲೇ ಬರಲಿ. ಯಾರೂ ಸನ್ನೆ ಮಾಡಬಾರದು, ಯಾರೂ ಅಳಬಾರದು, ಯಾರೂ ನಡುವೆ ಬಾಯಿ ಹಾಕಬಾರದು. ಭಾವ, ಇದು ಮುಖ್ಯವಾಗಿ ನಿಮಗೆ."

"ನಾನು ಬಾಯಿ ತೆಗೆದ್ರೆ ಈ ಮೀಸೆ ಬೋಳಿಸಿ" ಎಂದ ದೊಡ್ಡಪ್ಪ.

"ಮೊದಲು ನೀನು ಹೇಳಮ್ಮ" ಎಂದು ಮಾವ ತಂಗಿಗೆ ಕೈಯಾಡಿಸಿ ತೋರಿಸಿದ.

ದೊಡ್ಡಮ್ಮ ಎದ್ದು ನಿಂತಳು, ಕೋರ್ಟಿನಲ್ಲಿ ನಿಂತ ಹಾಗೆ. "ಕರ್ಕೊಂಡು ಹೋಗಲಿ! ನನಗೆ ಒಪ್ಪಿಗೆ! ಕೂಗಿದ್ರೆ ಕೇಳಿಸದವಳ ಹತ್ತಿರ ಮಗು ಇರಬಾರದು!" ಎಂದು ಅರಚಿ ಕೂತಳು. ಕೂತು ಬಾಯಿ ಮುಚ್ಚಿದಳು. ಮುಚ್ಚಿದೆ ಅಂದುಕೊಂಡಳು.

ಲಾಳಿ ಎಷ್ಟೋ ದಿನಗಳ ಮೇಲೆ ಆ ಮುಖವನ್ನು ನೇರವಾಗಿ ನೋಡಿದಳು.

'ಹೇಳಿಬಿಟ್ಟೆ. ಸರಿಯಾಗಿ ಹೇಳ್ದೆ. ಅಳಬಾರ್ದು' ಎನ್ನುತ್ತಿತ್ತು ತುಟಿ. 'ಮೊಟ್ಟೇಲಿ ಹಳದಿ ತಿನ್ನಲ್ಲ ಅಂತ ಅವಳಿಗೆ ಹೇಳ್ಬೇಕು. ಎಡಗಡೆ ಸಿಕ್ಕು ಜಾಸ್ತಿ, ಮೆಲ್ಲಗೆ ಬಾಚು ಅನ್ಬೇಕು. ಕಣ್ಣು ಅರ್ಧ ಬಿಟ್ಕೊಂಡೇ ನಿದ್ದೆ ಮಾಡ್ತಾಳೆ, ಹೆದರ್ಕೋಬೇಡ ಅನ್ಬೇಕು. ಹೋಗು ಮಗಳೇ. ಹೋಗು. ಬೇಡ. ಹೋಗ್ಬೇಡ್ವೇ. ಕಿವಿ ಇಲ್ದಿದ್ರೆ ಏನಾಯ್ತು, ಪಾತ್ರೆ ಹಾಳಾಗಿಹೋಗ್ಲಿ, ನಿನ್ನ ಮುಖಾನೇ ನೋಡ್ತಾ ಕೂರ್ತೀನಿ. ಹೋಗ್ಬೇಡ ಕಣೇ.'

"ಹೇಳಮ್ಮ ಲಾಳಿ. ಅಪ್ಪನ ಜೊತೆ ಹೋಗ್ತೀಯಾ?" ಎಂದ ಮಾವ.

ಲಾಳಿ ಅವನ ಕಡೆ ತಿರುಗಲೂ ಇಲ್ಲ. "ಹೋಗಲ್ಲ ದೊಡ್ಡಮ್ಮಾ!"

"ಕೇಳಿದ್ದು ನಾನು. ದೊಡ್ಡಮ್ಮ ಏನೂ ಅನ್ನಲಿಲ್ಲವಲ್ಲೇ?"

"ಅಂದ್ಲು. ಹೋಗ್ಬೇಡ ಕಣೇ ಅಂದ್ಲು."

ದೊಡ್ಡಮ್ಮ ಹುಡುಗಿಯ ತುಟಿ ಓದಿ ಗಾಬರಿಯಾದಳು. "ಸುಳ್ಳು! ನಾನೆಲ್ಲಿ ಅಂದೆ? ನಾನು ತುಟಿಪಿಟಕ್ ಅಂದಿಲ್ಲ! ಏನ್ರೀ, ನೀವೇ ಹೇಳಿ!"

ದೊಡ್ಡಪ್ಪ ಮೇಲೆ ನೋಡಿದ, ಕೆಳಗೆ ನೋಡಿದ. ಆಮೇಲೆ ಹೆಂಡತಿಯ ಎದುರಿಗೆ ಬಂದು ಕುಕ್ಕರುಗಾಲಲ್ಲಿ ಕೂತು, ಮೀಸೆಯನ್ನು ಎರಡೂ ಕೈಯಿಂದ ಮೇಲೆತ್ತಿ ತುಟಿ ತೋರಿಸುತ್ತ ಹೇಳಿದ: "ಅಂದೆ ಕಣೇ. ಯಾವಾಗಲೂ ಅಂತೀಯ. ನೀನು ಮನಸ್ಸಲ್ಲಿ ಅಂದುಕೊಂಡದ್ದೆಲ್ಲ ಬಾಯಿ ಮೇಲೆ ಬರುತ್ತೆ. ನಿನಗೊಬ್ಬಳಿಗೇ ಗೊತ್ತಿಲ್ಲ."

ದೊಡ್ಡಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಬಟ್ಟೆ ಬಿಚ್ಚಿದಾಗ ಯಾರೋ ಬಾಗಿಲು ತೆಗೆದ ಹಾಗಾಗಿತ್ತು ಅವಳಿಗೆ. "ಎಷ್ಟು ದಿನದಿಂದ?" ಎಂದಳು ಕೈಯ ಹಿಂದಿನಿಂದ.

"ಮದುವೆಯಾದಾಗಿನಿಂದ."

"ನಿಮ್ಮಮ್ಮನ ಬಗ್ಗೆ ಅಂದುಕೊಂಡಿದ್ದು?"

"ಅದೂ."

ಚಿಕ್ಕಮ್ಮ ಫಕ್ಕನೆ ನಕ್ಕುಬಿಟ್ಟಳು, ನಕ್ಕು ಕಣ್ಣೊರೆಸಿಕೊಂಡಳು. ಮಾವ ಮಾತ್ರ ಬಿಡಲಿಲ್ಲ. "ಇದೆಲ್ಲ ಆಗುವ ಮಾತಲ್ಲ. ಭಾವನೆ ಬೇರೆ, ವ್ಯವಹಾರ ಬೇರೆ. ನಾಳೆ ಮಗು ಮತ್ತೆ ಬಿದ್ದರೆ? ಕಿವಿ ಕೇಳದವಳು ಸಾಕುವುದು ಹೇಗೆ?"

ಆ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಯಾರೂ ಆ ಕೋಣೆಯಲ್ಲಿರಲಿಲ್ಲ. ಕಿವಿಯನ್ನು ತಿಂದು ತೇಗಿದವರು ಎಲ್ಲೋ ಫ್ಯಾನಿನ ಕೆಳಗೆ ಭಾನುವಾರ ಕಳೆಯುತ್ತಿದ್ದರು. ಕಳೆದುಕೊಂಡವಳು ಇಲ್ಲಿ ಆರೋಪಿಯ ಹಾಗೆ ಗೋಡೆಗೊರಗಿ ಕೂತಿದ್ದಳು.

ಅಪ್ಪ ಎದ್ದ. ಎಲ್ಲರೂ ಅವನನ್ನು ನೋಡಿದರು. ಅವನು ದೊಡ್ಡಮ್ಮನ ಎದುರು ಬಂದು ನಿಂತು ಏನೋ ಹೇಳಲು ಬಾಯಿ ತೆರೆದ. ದನಿ ಹೊರಡಲಿಲ್ಲ. ತುಟಿಯಷ್ಟೇ ಆಡಿತು: 'ಅಕ್ಕಾ, ಇವಳು ನಿಮ್ಮ ಹತ್ತಿರಾನೇ ಇರ್ಲಿ.'

"ಹಾಗೆ ಕೂಗಬೇಡಪ್ಪಾ" ಎಂದಳು ದೊಡ್ಡಮ್ಮ ಅಳುತ್ತ. "ಕೇಳಿಸ್ತು."

ಲಾಳಿ ಸ್ಟೂಲಿನಿಂದ ಹಾರಿ ಅವಳ ತೊಡೆ ಸೇರಿದಳು. ಮಾವ ಚಪ್ಪಲಿ ಹುಡುಕಿದ.

ಗುಟ್ಟು ಗೊತ್ತಾದ ಮೇಲೆ ದೊಡ್ಡಮ್ಮ ಕೆಲವು ದಿನ ಬಾಯಿಗೆ ಬಟ್ಟೆ ಕಟ್ಟಿಕೊಂಡು ಓಡಾಡಿದಳು. ಆಮೇಲೆ ಮರೆತಳು. ಮಿಲ್ಲು ಅವಳನ್ನು ಕೆಲಸಕ್ಕಾಗದವಳು ಎಂದು ಹೊರಗೆ ಹಾಕಿದಾಗ ಲಾಳಿ ಇನ್ನೂ ಶಾಲೆಯಲ್ಲಿದ್ದಳು. ಮುಂದೆ ಲಾಳಿ ಕೆಲಸಕ್ಕೆ ಸೇರಿದ್ದು ಬೇರೊಂದು ಮಿಲ್ಲಿನ ಆಸ್ಪತ್ರೆಯಲ್ಲಿ, ನರ್ಸಾಗಿ. ಅಲ್ಲಿ ಹೊಸಬರು ಸೇರಿದ ದಿನವೇ ಅವರ ಕಿವಿಗೆ ತಾನೇ ಹತ್ತಿ ತುರುಕುತ್ತಿದ್ದಳು. ಆ ಹತ್ತಿಗಾಗಿ ಮ್ಯಾನೇಜರನ ಹತ್ತಿರ ಜಗಳವಾಡುತ್ತಿದ್ದಳು, ಅದೂ ಸದ್ದು ಮಾಡಿಯೇ. ದೊಡ್ಡಮ್ಮ ಬಹಳ ವರ್ಷ ಬದುಕಿದಳು. ಹುಡುಗಿ ಮನೆಯಲ್ಲಿದ್ದಷ್ಟು ಹೊತ್ತೂ ಒಲೆಯ ಮುಂದೆ ಬೆನ್ನು ಹಾಕಿ ಕೂರಲಿಲ್ಲ. ಒಲೆಯನ್ನೇ ಬಾಗಿಲ ಕಡೆಗೆ ತಿರುಗಿಸಿ ಇಟ್ಟುಕೊಂಡಳು.

ಆದರೆ ಲಾಳಿ ಆ ಮನೆಯನ್ನು ನೆನೆದಾಗಲೆಲ್ಲ ದೊಡ್ಡಮ್ಮನ ತೊಡೆಯ ಜೊತೆಗೆ ಇನ್ನೊಂದೂ ನೆನಪಾಗುತ್ತಿತ್ತು, ಅದೇ ಭಾನುವಾರದ ಬಸ್ ನಿಲ್ದಾಣ.

ಅಪ್ಪನನ್ನು ಬಸ್ಸು ಹತ್ತಿಸಲು ಅವಳೇ ಹೋಗಿದ್ದಳು. ಹಳದಿ ಫ್ರಾಕು ಹಾಕಿಕೊಂಡಿದ್ದಳು. ಭುಜ ಜಾರುತ್ತಿತ್ತು, ಚಿಕ್ಕಮ್ಮ ಪಿನ್ನು ಹಾಕಿದ್ದಳು. ದೊಡ್ಡಪ್ಪ ದೂರ ನಿಂತು ಯಾರದೋ ಸೈಕಲ್ಲಿನ ಬ್ರೇಕಿಗೆ ಬೈಯುತ್ತಿದ್ದ. ಬೆಂಚಿನ ಮೇಲೆ ಅಪ್ಪ ಲಾಳಿಗೂ ಚಿಕ್ಕಮ್ಮನಿಗೂ ನಡುವೆ ಕೂತಿದ್ದ.

"ನಿಮ್ಮಮ್ಮನೂ ಮದುವೆಗೆ ಮುಂಚೆ ಅದೇ ಮಿಲ್ಲಲ್ಲಿ ಇದ್ದಳು, ಗೊತ್ತಾ?"

"ಗೊತ್ತು. ದೊಡ್ಡಮ್ಮನ ಪಕ್ಕದ ಮಗ್ಗ."

"ಅವಳ ತುಟೀನೂ ಅಲ್ಲಾಡ್ತಾ ಇತ್ತು" ಎಂದ ಅಪ್ಪ. "ಅಡುಗೆ ಮಾಡುವಾಗ. ನಿನ್ನ ತೂಗುವಾಗ. ನಾನು ಕೆಲಸಕ್ಕೆ ಹೊರಡುವಾಗ ಬಾಗಿಲಲ್ಲಿ ನಿಂತು. ನಾನು ಏನೋ ಹಾಡು ಹೇಳ್ಕೋತಾಳೆ ಅಂದ್ಕೊಂಡೆ. ಹಾಡೋದಾದ್ರೆ ಗಟ್ಟಿಯಾಗಿ ಹಾಡೇ ಅಂತ ರೇಗಿಸ್ತಿದ್ದೆ."

ಚಿಕ್ಕಮ್ಮ ಗಂಡನ ಮುಖ ನೋಡಲಿಲ್ಲ. ಅವನ ಕೈಯ ಮೇಲೆ ಕೈಯಿಟ್ಟಳು.

ಬಸ್ಸು ಬಂದು ನಿಂತಿತು. ಜನ ಹತ್ತಿದರು. ಕಂಡಕ್ಟರು ಎರಡು ಸಲ ಕೂಗಿದ. ಅಪ್ಪ ಎದ್ದ, ಮತ್ತೆ ಕೂತ.

"ಹೋಗ್ಲಿ ಬಿಡು, ಮುಂದಿನ ಬಸ್ಸಿಗೆ ಹೋಗ್ತೀವಿ" ಎಂದು ಲಾಳಿಯ ಕಡೆ ತಿರುಗಿದ. "ಅದನ್ನ ಓದೋದು ಹೇಗೆ? ನನಗೆ ಹೇಳಿಕೊಡ್ತೀಯಾ?"

ಲಾಳಿ ಬೆಂಚಿನಿಂದ ಇಳಿದು ಅವನ ಎದುರಿಗೆ ನಿಂತಳು. ಅವನ ಕಣ್ಣು ತುಂಬಿತ್ತು. ಹಾಗಿದ್ದರೆ ಏನೂ ಕಾಣುವುದಿಲ್ಲವೆಂದು, ಮೊದಲು ಹಳದಿ ಫ್ರಾಕಿನ ಅಂಚಿನಿಂದ ಅದನ್ನು ಒರೆಸಿದಳು.